ಮೂರೇ ಅಳತೆ

ಏಣಿ ಅಂಗಳ ದಾಟುತ್ತಿದ್ದ. ಆಸ್ಪತ್ರೆಯ ಅಟೆಂಡರುಗಳಲ್ಲೆಲ್ಲ ಎತ್ತರದವನಾದ್ದರಿಂದ ಅವನಿಗೆ ಆ ಹೆಸರು. ಬಾಗಿಲುಗಳಲ್ಲಿ ತಲೆ ತಗ್ಗಿಸಿ ತಗ್ಗಿಸಿ ಅಭ್ಯಾಸವಾಗಿ ಈಗ ಬಯಲಲ್ಲೂ ತಗ್ಗಿಸಿಯೇ ನಡೆಯುತ್ತಾನೆ. ಖಾಲಿ ಗಾಲಿಕುರ್ಚಿಯೊಂದನ್ನು ತಳ್ಳಿಕೊಂಡು ಹೊರಟಿದ್ದವನ ನೀಲಿ ಕೋಟಿನ ತೋಳು ಮೊಣಕೈಯಿಂದ ನಾಲ್ಕೇ ಬೆರಳು ಕೆಳಗೆ ಬಂದು ನಿಂತುಬಿಟ್ಟಿತ್ತು. ಮುಂಗೈಯೆಲ್ಲ ಬರಿದು. ಮೂರನೆಯ ಮಹಡಿಯ ಕಿಟಕಿಯ ಪಕ್ಕ ಕೂತು ರಿಜಿಸ್ಟರು ಬರೆಯುತ್ತಿದ್ದ ಬಟ್ಟೆಯಕ್ಕನ ಪೆನ್ನು ನಡುವಿನಲ್ಲೇ ನಿಂತಿತು.

"ಅಯ್ಯೋ, ಅದು ಅವನದ್ದಲ್ಲ," ಎಂದಳು, ಬಾಯಿಬಿಟ್ಟೇ.

ಎದುರು ಮೇಜಿನ ಗುಮಾಸ್ತ ತಲೆಯೆತ್ತಿದ. "ಏನು ಅವನದ್ದಲ್ಲ?"

"ಏನಿಲ್ಲ ಬಿಡಿ," ಎಂದು ಅವಳು ಮತ್ತೆ ಬರೆಯಲು ಬಗ್ಗಿದಳು. ಆದರೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಬರೆದು ಆ ಪುಟವನ್ನೇ ಕೆಡಿಸಿದಳು.

ಈ ಕಿಟಕಿಗಾಗಿ ಅವಳು ಹತ್ತೊಂಬತ್ತು ವರ್ಷ ಕಾದಿದ್ದಳು. ಟೈಪಿಂಗ್ ಕಲಿತು, ಪರೀಕ್ಷೆ ಬರೆದು, ಕಚೇರಿ ಕೆಲಸಕ್ಕೆಂದೇ ಈ ಆಸ್ಪತ್ರೆಗೆ ಬಂದವಳು. ಬಂದ ದಿನ, ಮೇಲೆ ಜಾಗ ಖಾಲಿಯಿಲ್ಲ, ಆರು ತಿಂಗಳು ಕೆಳಗೆ ಬಟ್ಟೆ ಕೋಣೆಯಲ್ಲಿರಿ ಎಂದರು. ನೆಲಮಾಳಿಗೆಯ ಆ ಕೋಣೆಗೆ ಕಿಟಕಿಯಿಲ್ಲ; ತಲೆಯ ಮೇಲೆ ಬಿಸಿನೀರಿನ ಕೊಳವೆಗಳು, ಪಕ್ಕದಲ್ಲಿ ಇಡೀ ದಿನ ಗುಡುಗುಡು ಎನ್ನುವ ಲಾಂಡ್ರಿ. ಏನು ಕೆಲಸ ಎಂದು ಯಾರಾದರೂ ಕೇಳಿದರೆ, "ಸದ್ಯಕ್ಕೆ ಬಟ್ಟೆ ಕೋಣೆಯಲ್ಲಿದ್ದೀನಿ" ಎನ್ನುತ್ತಿದ್ದಳು. ಹಾಗೆ ಹೇಳುತ್ತ ಹೇಳುತ್ತ ಆ 'ಸದ್ಯಕ್ಕೆ'ಗೇ ಮೀಸೆ ಬರುವಷ್ಟು ವಯಸ್ಸಾಯಿತು. ಸೋಮವಾರ ಕೊನೆಗೂ ಆದೇಶ ಬಂತು: ದಾಖಲೆ ವಿಭಾಗ, ಮೂರನೆಯ ಮಹಡಿ, ಮೆತ್ತೆಯ ಕುರ್ಚಿ, ಕಿಟಕಿ. ಮನೆಯಲ್ಲಿ ಅತ್ತೆಗೆ ಆಕಾಶ ಮೂರೇ ಗೇಣು ಉಳಿದಿತ್ತು. ಅವಳಿಗೂ ಸಂತೋಷವಾಗಿತ್ತು, ಸುಳ್ಳೇಕೆ ಹೇಳಬೇಕು. ಇವತ್ತು ಗುರುವಾರ. ಸಂತೋಷಕ್ಕೆ ನಾಲ್ಕನೆಯ ದಿನ.

ಮೇಲಿನ ಕಚೇರಿಯವರಿಗೆ ನೀಲಿ ಕೋಟಿಲ್ಲ. ಹಾಗಾಗಿ ಅವಳ ಉಡುಪು ನಾಲ್ಕು ಜನರ ಕಣ್ಣಿಗೆ ಬಿದ್ದದ್ದೇ ಈ ವಾರ. ಗಂಡನ ಹಳೆಯ ಅಂಗಿಗಳನ್ನು ಬಿಚ್ಚಿ, ತಿರುಗಿಸಿ, ತನ್ನ ಮೈಗೆ ಬೇಕಾದಂತೆ ಹೊಲಿದುಕೊಂಡು ತೊಡುವುದು ಅವಳ ರೂಢಿ. ಗುಂಡಿಗಳು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದವು. ಲಾಂಡ್ರಿಯಲ್ಲಿ ಉದುರಿ, ಯಾರೂ ಕೇಳಿಕೊಂಡು ಬಾರದೆ ಉಳಿದವುಗಳನ್ನು ಕೂಡಿಟ್ಟು, ಕೆಂಪಿನ ಕೆಳಗೆ ಮರದ್ದು, ಮರದ್ದರ ಕೆಳಗೆ ಯಾವುದೋ ಮಗುವಿನ ಅಂಗಿಯ ಆನೆ, ಹೀಗೆ. ಅಷ್ಟು ವರ್ಷ ನೀಲಿ ಕೋಟಿನ ಒಳಗೆ ಅವು ಯಾರಿಗೂ ಕಂಡಿರಲಿಲ್ಲ. "ಯಾರಿಗೆ ತೋರಿಸೋಕೆ ಇಷ್ಟೆಲ್ಲ?" ಎಂದು ಅತ್ತೆ ಕೇಳಿದರೆ, "ಒಳಗಿರೋದು ನಂಗೆ ಗೊತ್ತಿರತ್ತಲ್ಲ" ಎನ್ನುತ್ತಿದ್ದಳು. ಗುಮಾಸ್ತ ಮೊದಲ ದಿನವೇ ಆನೆಯನ್ನು ನೋಡಿ ಕೆಮ್ಮಿದ್ದ.

ಒಳಗಿರುವುದು ತನಗೊಬ್ಬಳಿಗೇ ಗೊತ್ತಿರುವ ಇನ್ನೊಂದು ಸಂಗತಿಯೂ ಅವಳ ಹತ್ತಿರ ಇತ್ತು. ಅದು ಅಂಗಿಯ ಮಾತಲ್ಲ.

ಆಸ್ಪತ್ರೆಗೆ ಕೋಟುಗಳು ಬರುವುದು ಮೂರೇ ಅಳತೆಯಲ್ಲಿ: ಸ್ಮಾಲ್, ಮೀಡಿಯಂ, ಲಾರ್ಜ್. ಡಾಕ್ಟರುಗಳಿಗೆ ಬಿಳಿ, ಉಳಿದವರಿಗೆ ನೀಲಿ. ದೇವರು ಮನುಷ್ಯರನ್ನು ಮಾಡುವಾಗ ಈ ಪಟ್ಟಿಯನ್ನು ನೋಡಿರಲಿಲ್ಲ. ಅವಳು ಸೇರಿದ ಎರಡನೆಯ ತಿಂಗಳು, ಎಡಗೈಯಲ್ಲಿ ಬರೆಯುವ ಡಾಕ್ಟರಮ್ಮ ಒಬ್ಬರು ಕೋಟು ಪಡೆಯಲು ಬಂದು, ಎಡಗಡೆಯ ಎದೆಜೇಬಿನಿಂದ ಎಡಗೈಯಲ್ಲೇ ಪೆನ್ನು ತೆಗೆಯಲು ಕೈಯನ್ನು ಹಿಂಡಿ ತಿರುಚುವುದನ್ನು ನೋಡಿದಳು. ನೋಡಿ ಸುಮ್ಮನಿರಬಹುದಿತ್ತು. ಹರಿದ ಹಾಸಿಗೆ ಬಟ್ಟೆ ಹೊಲಿಯಲು ಕೊಟ್ಟಿದ್ದ ಮಿಷನ್ನು ಮೂಲೆಯಲ್ಲೇ ಇತ್ತು. ಸಂಜೆ ಆ ಜೇಬನ್ನು ಬಿಚ್ಚಿ ಬಲಗಡೆಗೆ ಹೊಲಿದಳು. ಮರುದಿನ ಡಾಕ್ಟರಮ್ಮ ಪೆನ್ನು ತೆಗೆದರು, ಸಹಿ ಹಾಕಿದರು, ಹೋದರು. ಯಾರು ಮಾಡಿದ್ದೆಂದು ಅವರಿಗೆ ಗೊತ್ತಾಗಲಿಲ್ಲ. ಬಟ್ಟೆಯಕ್ಕನಿಗೆ ಮಾತ್ರ ಆ ದಿನವಿಡೀ ಹೊಟ್ಟೆ ತುಂಬಿದ ಹಾಗಿತ್ತು.

ಅಲ್ಲಿಂದ ಶುರು. ಏಣಿಯ ತೋಳಿಗೆ ಹಳೆಯ ಕೋಟಿನ ಬಟ್ಟೆ ಸೇರಿಸಿ ಉದ್ದ ಮಾಡಿದಳು. ಮಕ್ಕಳ ವಾರ್ಡಿನ ನರ್ಸು ದಿನವಿಡೀ ಬಗ್ಗುವವಳು. ಅವಳ ಕೋಟಿನ ಬೆನ್ನಿಗೆ ಒಳಮಡಿಕೆ ಬಿಚ್ಚಿ ಎರಡು ಬೆರಳು ಇಳಿಸಿದಳು. ಎಕ್ಸ್‌ರೇ ಕೋಣೆಯವನದು ಒಂದು ಭುಜ ತಗ್ಗು. ಒಳಗೊಂದು ಪದರ ಇಟ್ಟಳು. ಟೇಪು ಹಿಡಿದು ಯಾರನ್ನೂ ಅಳೆದವಳಲ್ಲ. ಬಂದವರು ಕೌಂಟರಿಗೆ ಒರಗುವುದನ್ನು, ಹೊರಳುವುದನ್ನು, ಮೇಲಿನ ಹಲಗೆಯ ಪುಸ್ತಕಕ್ಕೆ ಕೈ ಚಾಚುವುದನ್ನು ನೋಡಿದರೆ ಸಾಕಿತ್ತು. ಒಬ್ಬರಿಗೆ ಮೂರು ಕೋಟು: ಒಂದು ಮೈಮೇಲೆ, ಒಂದು ಒಗೆಯಲು, ಒಂದು ಕಪಾಟಿನಲ್ಲಿ. ಲಾಂಡ್ರಿಯಿಂದ ಎಲ್ಲ ಒಂದೇ ರಾಶಿಯಾಗಿ ಬರುವುದರಿಂದ ಯಾರದು ಯಾವುದೆಂದು ತಿಳಿಯಲು ಕೊರಳಪಟ್ಟಿಯ ಒಳಗೆ ಬಣ್ಣದ ದಾರದ ಗಂಟು ಹಾಕಿದಳು, ಒಬ್ಬೊಬ್ಬರಿಗೆ ಒಂದೊಂದು ಥರ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಅವಳಿಗೆ ಹೆಸರು ಹೊಳೆಯುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ನಲವತ್ತೇಳು ಮಂದಿ, ನೂರಾ ನಲವತ್ತೊಂದು ಕೋಟು.

ಯಾರಿಗೂ ಹೇಳಲಿಲ್ಲ. ಆಸ್ಪತ್ರೆಯ ಸ್ವತ್ತಿಗೆ ಕತ್ತರಿ ಹಾಕುವುದು ತಪ್ಪೆಂದು ಉಗ್ರಾಣದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೇ ಇದೆ. ತೊಟ್ಟವರೂ ಕೇಳಲಿಲ್ಲ. ಚಪ್ಪಲಿ ಕಚ್ಚದಿದ್ದರೆ ಕಾಲಿನ ನೆನಪು ಯಾರಿಗೆ ಬರುತ್ತದೆ? ಈ ಆಸ್ಪತ್ರೆಯ ಕೋಟು ಚೆನ್ನಾಗಿ ಕೂರುತ್ತದೆ ಎಂದು ಹೊಸಬರಿಗೆ ಹಳಬರು ಹೇಳುತ್ತಿದ್ದರು, ಅಷ್ಟೇ.

ಮೇಲೆ ಹೋಗುವ ಆತುರದಲ್ಲಿ ಬಟ್ಟೆಯಕ್ಕ ಆ ಗಂಟುಗಳ ಮಾತನ್ನು ಯಾರಿಗೂ ದಾಟಿಸಿರಲಿಲ್ಲ. ಮರೆತದ್ದಲ್ಲ. ಬಾಯಿ ಬಂದಿರಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿಗೆ ಹೋದರೆ ಅಲ್ಲೊಂದು ನಾಟಕವೇ ನಡೆಯುತ್ತಿತ್ತು. ಎಕ್ಸ್‌ರೇಯವನು ಯಾರದೋ ಅಗಲ ಕೋಟಿನಲ್ಲಿ ಮುಳುಗಿ, ಚಹದ ಲೋಟಕ್ಕೆ ತೋಳು ಅದ್ದಿಕೊಂಡು ಶಪಿಸುತ್ತಿದ್ದ. ಎಡಗೈ ಡಾಕ್ಟರಮ್ಮ ಬಲಗಡೆಯ ಎದೆಯನ್ನು ತಟ್ಟಿ ತಟ್ಟಿ ಪೆನ್ನು ಹುಡುಕುತ್ತಿದ್ದರು. ಪೆನ್ನು ಎಡಗಡೆಯಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಏಣಿ ಎರಡೂ ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಿದ್ದ. ಎಲ್ಲರೂ ಸೇರಿ ಲಾಂಡ್ರಿಯವರನ್ನು ಬೈಯುತ್ತಿದ್ದರು, ಬಿಸಿನೀರು ಜಾಸ್ತಿ ಹಾಕಿ ಕುಗ್ಗಿಸಿದ್ದಾರೆ ಅಂತ. ಕುಗ್ಗಿಸಿದವರು ಎಕ್ಸ್‌ರೇಯವನದನ್ನು ಹಿಗ್ಗಿಸಿದ್ದು ಹೇಗೆ ಎಂದು ಯಾರೂ ಕೇಳಲಿಲ್ಲ.

ಎಲ್ಲಕ್ಕಿಂತ ಅವಳಿಗೆ ಸಂಕಟವಾದದ್ದು ದೊಡ್ಡಮ್ಮನನ್ನು ನೋಡಿ. ದೊಡ್ಡಮ್ಮ ಎಂದರೆ ಹಿರಿಯ ನರ್ಸು. ಡಾಕ್ಟರುಗಳೂ ಅವರೆದುರು ದನಿ ತಗ್ಗಿಸುತ್ತಾರೆ. ಎಲ್ಲರೂ ಉಣ್ಣುತ್ತಿದ್ದಾಗ ಅವರೊಬ್ಬರೇ ಒಂದು ಲೋಟ ನೀರು ಮುಂದಿಟ್ಟುಕೊಂಡು ಕೂತಿದ್ದರು.

"ಊಟ ಮಾಡಲ್ವಾ ಅಮ್ಮ?"

"ಬೇಡಮ್ಮ." ದೊಡ್ಡಮ್ಮ ದನಿ ತಗ್ಗಿಸಿದರು. "ಮೂರು ದಿನದಲ್ಲಿ ಎಷ್ಟು ದಪ್ಪ ಆಗಿಬಿಟ್ಟಿದೀನಿ ನೋಡು. ಗುಂಡಿ ಹಾಕೋಕೆ ಆಗ್ತಿಲ್ಲ. ಈ ವಯಸ್ಸಲ್ಲಿ ಹೀಗೆ ಏಕಾಏಕಿ ಆದ್ರೆ ಒಳ್ಳೇದಲ್ಲ. ರಕ್ತ ಪರೀಕ್ಷೆಗೆ ಕೊಟ್ಟಿದೀನಿ."

ಬಟ್ಟೆಯಕ್ಕ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ಹೇಳಿಬಿಡಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಗೇಟಣ್ಣ ಮೊಣಕಾಲು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತ. ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಗೇಟು ಕಾಯ್ದವನು. ಮೊಣಕಾಲು ಕೈಕೊಟ್ಟಿತೆಂದು ಈ ವಾರ ಅವನನ್ನು ಬಟ್ಟೆ ಕೋಣೆಗೆ ಹಾಕಿದ್ದರು. ಬಂದವರು ಯಾರು, ಹೋದವರು ಯಾರು ಎಂದು ನೋಡುವುದೊಂದೇ ಅವನಿಗೆ ಗೊತ್ತಿದ್ದ ಕೆಲಸ.

"ಅಕ್ಕಾ, ನಿನ್ನ ಕೋಣೆ ಈಗ ನೋಡ್ಬೇಕು ನೀನು," ಎಂದ ಹೆಮ್ಮೆಯಿಂದ. "ಸ್ಮಾಲ್ ಒಂದು ಕಡೆ, ಮೀಡಿಯಂ ಒಂದು ಕಡೆ, ಲಾರ್ಜ್ ಒಂದು ಕಡೆ. ದಾರ ಹಿಡಿದು ನೋಡಿದ್ರೂ ಒಂದು ಎಳೆ ಆಚೀಚೆ ಇಲ್ಲ. ಆದ್ರೆ ಒಂದು ವಿಷ್ಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನಿದ್ದಾಗ ಯಾರೋ ದೋಷದ ಮಾಲು ತಂದು ತುಂಬಿದಾರೆ. ಜನ ವಾಪಸ್ ತಂದ ಕೋಟುಗಳನ್ನ, ಕಪಾಟಿನಲ್ಲಿದ್ದವನ್ನ, ಉಗ್ರಾಣದ ಮಾದರಿ ಕೋಟಿನ ಮೇಲೆ ಇಟ್ಟು ನೋಡಿದೆ. ಒಂದೂ ಕೂಡ್ಲಿಲ್ಲ. ಜೇಬು ಉಲ್ಟಾ, ತೋಳು ಉದ್ದ, ಬೆನ್ನು ಇನ್ನೂ ಉದ್ದ. ನೂರಕ್ಕೂ ಮೇಲೆ ಇವೆ."

"ಏನ್ ಮಾಡಿದೆ ಅವನ್ನ?"

"ಪಟ್ಟಿ ಸಾಹೇಬ್ರಿಗೆ ಹೇಳಿದೆ. ನಾಳೆ ಎರಡು ಗಂಟೆಗೆ ಅವ್ರ ಎದುರಿಗೇ ಹರಿದು ನೆಲ ಒರೆಸೋಕೆ ಕೊಡ್ಬೇಕಂತೆ." ಗೇಟಣ್ಣ ಊಟಕ್ಕೆ ಕೈಹಾಕಿದ. "ನಿನ್ನ ಹೆಸರು ಬರದ ಹಾಗೆ ನೋಡ್ಕೊಂಡಿದೀನಿ, ಹೆದರ್ಬೇಡ."

ಪಟ್ಟಿ ಸಾಹೇಬರು ಉಗ್ರಾಣದ ಅಧಿಕಾರಿ. ಪಟ್ಟಿಯಿಲ್ಲದೆ ಅವರು ನೀರೂ ಕುಡಿಯುವುದಿಲ್ಲ ಎಂದು ಪ್ರತೀತಿ. ಕೆಟ್ಟವರಲ್ಲ, ಪಟ್ಟಿಯಲ್ಲಿದ್ದರೆ ಪ್ರಾಣ ಬೇಕಾದರೂ ಕೊಟ್ಟಾರು, ಇಲ್ಲದಿದ್ದರೆ ಒಂದು ಗುಂಡುಸೂಜಿ ಕೊಡರು.

ಅಂದು ಸಂಜೆ ಮನೆಯಲ್ಲಿ ಬಟ್ಟೆಯಕ್ಕ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಳು. ಗಂಡ ಲಾರಿ ಓಡಿಸುವವನು, ಭಾನುವಾರವಷ್ಟೇ ಮನೆಯವನು. ಮನೆಯಲ್ಲಿರುವುದು ಅವಳು ಮತ್ತು ಅತ್ತೆ.

"ಯಾಕೇ, ತಟ್ಟೆ ಜೊತೆ ಜಗಳಾನಾ?" ಅತ್ತೆ ಕೇಳಿದರು.

"ಅತ್ತೆ, ನಾನೊಂದು ತಪ್ಪು ಮಾಡಿದೀನಿ."

"ಒಂದೇನಾ? ಪರವಾಗಿಲ್ಲ ಹೇಳು."

ಹೇಳಿದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಜೇಬಿನಿಂದ ಹಿಡಿದು ಗಂಟಿನವರೆಗೆ ಎಲ್ಲವನ್ನೂ. ಯಾರ ಕೋಟಿಗೆ ಏನು ಮಾಡಿದೆ, ಯಾಕೆ ಮಾಡಿದೆ ಎಂದು ಹೇಳುತ್ತ ಹೇಳುತ್ತ ಅವಳ ಮುಖ ಅರಳಿದ್ದು ಅವಳಿಗೆ ಗೊತ್ತಾಗಲಿಲ್ಲ; ಅತ್ತೆಗೆ ಗೊತ್ತಾಯಿತು. ಮುಗಿದ ಮೇಲೆ, "ನೂರಾ ನಲವತ್ತೊಂದಾ?" ಎಂದರು. "ನನ್ನ ದಿಂಬಿನ ಚೀಲ ಹರಿದು ಮೂರು ತಿಂಗಳಾಯ್ತು."

ಇಬ್ಬರೂ ನಕ್ಕರು. ನಕ್ಕ ಮೇಲೂ ನಾಳೆ ಎರಡು ಗಂಟೆ ಹಾಗೇ ಇತ್ತು.

"ಸುಮ್ಮನಿದ್ರೆ ಏನಾಗತ್ತೆ?"

"ಹರಿದು ನೆಲ ಒರೆಸ್ತಾರೆ. ನಾನು ಮೇಲೇ ಇರ್ತೀನಿ."

"ಹೇಳಿದ್ರೆ?"

"ಕುರ್ಚಿ ಹೋಗತ್ತೆ. ಕೆಲಸಾನೇ ಹೋದ್ರೂ ಹೋಯ್ತು."

ಅತ್ತೆ ತಮ್ಮ ಕೈಗಳನ್ನು ನೋಡಿಕೊಂಡರು. "ನಾನು ಮೂವತ್ತು ವರ್ಷ ಬೆಂಕಿಪೊಟ್ಟಣಕ್ಕೆ ಚೀಟಿ ಅಂಟಿಸಿದೆ. ಚೆನ್ನಾಗೇ ಅಂಟಿಸಿದೆ, ಯಾರೂ ಬೆರಳು ತೋರಿಸಿಲ್ಲ. ಆದ್ರೆ ಒಂದು ದಿನಾನೂ ಮನೆಗೆ ಬಂದು ನೀನು ಈಗ ಹೇಳಿದ ಹಾಗೆ ಅದರ ವಿಷ್ಯ ಹೇಳಿದ್ದಿಲ್ಲ. ನನ್ನ ಕೈಗೆ ಒಪ್ಪೋ ಕೆಲಸ ಯಾವುದು ಅಂತ ಹುಡುಕೋಷ್ಟರಲ್ಲಿ ಹಲ್ಲು ಹೋದ್ವು. ನಿಂದು ಕಾಲ ಬುಡದಲ್ಲೇ ಬಿದ್ದಿತ್ತು. ನೀನು ಮಾಳಿಗೆ ನೋಡ್ತಾ ಕೂತೆ."

"ನೀವು ಬೀದಿಗೆಲ್ಲ ಹೇಳಿಬಿಟ್ಟಿದೀರಿ, ಸೊಸೆ ಮೇಲೆ ಹೋದ್ಲು ಅಂತ."

"ಹೇಳಿದ ಬಾಯಿ ಇನ್ನೂ ಇಲ್ಲೇ ಇದೆಯಲ್ಲ. ಇನ್ನೊಂದು ಹೇಳತ್ತೆ," ಎಂದು ಅತ್ತೆ ಎದ್ದು ಕೈ ತೊಳೆಯಲು ಹೋದರು.

ಹಾಗೆಂದು ಬಟ್ಟೆಯಕ್ಕನಿಗೆ ಧೈರ್ಯವೇನೂ ಬಂದುಬಿಡಲಿಲ್ಲ. ಶುಕ್ರವಾರ ಬೆಳಗ್ಗೆ ಮೆತ್ತೆಯ ಕುರ್ಚಿಯಲ್ಲಿ ಕೂತು ರಿಜಿಸ್ಟರು ತೆರೆದಾಗಲೂ ಅವಳು ತೀರ್ಮಾನ ಮಾಡಿರಲಿಲ್ಲ. ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಒಳ್ಳೆಯ ಬಿಸಿಲು. ಒಂದೂವರೆ ಆಯಿತು, ಒಂದು ಮುಕ್ಕಾಲು ಆಯಿತು. ಎರಡಕ್ಕೆ ಐದು ನಿಮಿಷವಿರುವಾಗ, ಇನ್ನೊಂದು ಸಾಲು ಬರೆದು ನೋಡೋಣ ಎಂದು ಪೆನ್ನು ಊರಿದಳು. ಊರಿದ ಪೆನ್ನನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ.

ಕೋಣೆಯ ಉದ್ದನೆಯ ಮೇಜಿನ ಮೇಲೆ ಕೋಟುಗಳ ರಾಶಿ. ಆ ಕಡೆ ಪಟ್ಟಿ ಸಾಹೇಬರು ಪಟ್ಟಿ ಹಿಡಿದು, ಈ ಕಡೆ ಗೇಟಣ್ಣ ದೊಡ್ಡ ಕತ್ತರಿ ಹಿಡಿದು. ಮೊದಲನೆಯದು ಆಗಲೇ ಆಗಿಹೋಗಿತ್ತು. ಬೆನ್ನುದ್ದಕ್ಕೂ ಸೀಳಿ ಎರಡು ಭಾಗವಾಗಿ ಬಿದ್ದಿತ್ತು. ಮಕ್ಕಳ ವಾರ್ಡಿನ ನರ್ಸಿನದು. ಅವಳಿಗೆ ತನ್ನದೇ ಮೈಗೆ ಕತ್ತರಿ ತಾಗಿದಂತಾಯಿತು.

"ನಿಲ್ಸಣ್ಣ," ಎಂದಳು. ಏದುಸಿರಿನಲ್ಲಿ ಮಾತು ಸರಿಯಾಗಿ ಹೊರಡಲಿಲ್ಲ. "ಅವು ದೋಷದ್ದಲ್ಲ. ನಾನು ಮಾಡಿದ್ದು."

ಪಟ್ಟಿ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಯಾವುದನ್ನ?"

"ಎಲ್ಲಾನೂ ಸಾರ್."

ಗೇಟಣ್ಣ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟ. ತಾನು ಉಳಿಸಿದ ಹೆಸರನ್ನು ಅವಳೇ ತಂದು ಮೇಜಿನ ಮೇಲಿಟ್ಟಿದ್ದಳು.

"ಯಾರು ಹೇಳಿದ್ರು ಮಾಡು ಅಂತ?"

"ಯಾರೂ ಹೇಳ್ಲಿಲ್ಲ."

"ಮತ್ತೆ?"

"ನೋಡಿದ ಮೇಲೆ ಕೈ ಸುಮ್ಮನಿರ್ತಿರ್ಲಿಲ್ಲ ಸಾರ್," ಎಂದಳು.

ಸಾಹೇಬರು ರಾಶಿಯ ನಡುವಿನಿಂದ ಒಂದು ಕೋಟು ಎಳೆದು ಅವಳ ಮುಂದೆ ಹಿಡಿದರು. ಇದು ಯಾರದು ಹೇಳಿ ನೋಡೋಣ ಎನ್ನುವ ಹಾಗೆ. ಅವಳು ಕೊರಳಪಟ್ಟಿಯೊಳಗೆ ಬೆರಳು ಹಾಕಿದಳು. "ಎಕ್ಸ್‌ರೇಯವ್ರದ್ದು. ಬಲಭುಜ ತಗ್ಗು, ಭಾರದ ಫಲಕ ಹೊತ್ತೂ ಹೊತ್ತೂ." ಇನ್ನೊಂದು ಎಳೆದರು. "ಔಷಧಿ ಕೋಣೆಯವಳದು. ಮೇಲಿನ ಹಲಗೆಗೆ ಕೈ ಚಾಚಿದಾಗ ಮೊದಲು ಕಂಕುಳು ಹರೀತಿತ್ತು, ಈಗ ಹರಿಯಲ್ಲ." ಮತ್ತೊಂದು. "ಇದು ಹೋದ ವರ್ಷ ನಿವೃತ್ತಿಯಾದ ಅಡುಗೆಯವರದು. ಬಿಚ್ಚಿ ಮೊದಲಿನ ಹಾಗೆ ಮಾಡ್ಬೇಕಿತ್ತು. ಮನಸ್ಸು ಬರ್ಲಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ದನಿ ಕೇಳಿಸಿತು. ದೊಡ್ಡಮ್ಮ ಬಂದಿದ್ದರು, ಕೈಯಲ್ಲಿ ರಕ್ತ ಪರೀಕ್ಷೆಯ ಚೀಟಿ, ಬೆನ್ನಿಗೆ ಏಣಿ ಮತ್ತು ಎಡಗೈ ಡಾಕ್ಟರಮ್ಮ. ಲಾಂಡ್ರಿಯವರ ಮೇಲೆ ದೂರು ಕೊಡಲು ಮೂವರೂ ಒಟ್ಟಿಗೆ ಹೊರಟು, ದಾರಿಯಲ್ಲಿ ಕೋಟು ಬದಲಿಸಿಕೊಂಡು ಹೋಗೋಣವೆಂದು ಇತ್ತ ತಿರುಗಿದ್ದರು. "ರಕ್ತದಲ್ಲಿ ಏನೂ ಇಲ್ಲ ಅಂತಾರೆ," ಎಂದು ದೊಡ್ಡಮ್ಮ ಯಾರಿಗೆಂದಿಲ್ಲದೆ ಗೊಣಗಿದರು. "ಏನೂ ಇಲ್ಲದೆ ಹೀಗಾಗತ್ತಾ?"

ಬಟ್ಟೆಯಕ್ಕ ರಾಶಿಯೊಳಗೆ ಕೈಹಾಕಿ, ಕೊರಳಲ್ಲಿ ಹಸಿರು ದಾರದ ಎರಡು ಗಂಟಿದ್ದ ಕೋಟನ್ನು ಹುಡುಕಿ ಎಳೆದು, ದೊಡ್ಡಮ್ಮನಿಗೆ ತಾನೇ ತೊಡಿಸಿದಳು. ಗುಂಡಿಗಳು ಒಂದೊಂದಾಗಿ ಸದ್ದಿಲ್ಲದೆ ಕಾಜಕ್ಕೆ ಹೋದವು. ದೊಡ್ಡಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡರು, ಬಗ್ಗಿದರು, ನಿಂತರು.

"ಹಾಗಾದ್ರೆ ನಾನು ದಪ್ಪ ಆಗಿಲ್ವಾ?"

"ಇಲ್ಲಮ್ಮ. ನೀವು ದಪ್ಪ ಆಗಿದ್ದು ಆರು ವರ್ಷದ ಹಿಂದೆ. ಆಗ್ಲೇ ಬಿಚ್ಚಿ ಕೊಟ್ಟಿದ್ದೆ."

ದೊಡ್ಡಮ್ಮನ ಮುಖ ಕೆಂಪಾಯಿತು. ಆಮೇಲೆ ಅವರ ಹೊಟ್ಟೆಯೊಳಗಿನಿಂದಲೇ ನಗು ಹೊರಟು, ಆ ಕೋಟು ಅದನ್ನು ತಡೆಯದೆ ಬಿಟ್ಟುಕೊಟ್ಟಿತು. ಏಣಿ ಕೇಳುವುದಕ್ಕೂ ಕಾಯದೆ ತನ್ನದನ್ನು ಹುಡುಕಿ ತೊಟ್ಟುಕೊಂಡು, ತೋಳು ಮಣಿಕಟ್ಟಿಗೆ ಮುಟ್ಟಿದ್ದನ್ನು ಎರಡೂ ಕೈ ಮುಂದೆ ಚಾಚಿ ನೋಡಿಕೊಂಡ. ಡಾಕ್ಟರಮ್ಮನೂ ತಮ್ಮ ಕೋಟು ತೊಟ್ಟು, ಬಲಗಡೆಯ ಜೇಬಿಗೆ ಪೆನ್ನು ಇಟ್ಟು, ತೆಗೆದು, ಮತ್ತೆ ಇಟ್ಟರು. "ನಾನು ಹತ್ತೊಂಬತ್ತು ವರ್ಷದಿಂದ ಎಲ್ಲರ ಹತ್ರ ಹೇಳ್ಕೊಂಡು ಬಂದಿದೀನಿ," ಎಂದರು ನಿಧಾನವಾಗಿ, "ನಮ್ಮ ಆಸ್ಪತ್ರೆಯವರು ಎಡಗೈಯವರನ್ನೂ ನೆನಪಿಟ್ಟುಕೊಂಡು ಹೊಲಿಸ್ತಾರೆ ಅಂತ. ಅದು ನೀವಾ?"

ಬಟ್ಟೆಯಕ್ಕ ತಲೆಯಾಡಿಸಿದಳು. ಇಷ್ಟು ವರ್ಷ ಯಾರಿಗೂ ಗೊತ್ತಾಗದ್ದೇ ಸುಖ ಎಂದುಕೊಂಡಿದ್ದಳು. ಗೊತ್ತಾಗುವುದೂ ಸುಖವೇ ಎಂದು ಈಗ ತಿಳಿಯಿತು. ಕಣ್ಣು ತುಂಬಿದ್ದನ್ನು ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಸೀಳಿದ ಕೋಟಿನ ಅರ್ಧ ಭಾಗ.

ಪಟ್ಟಿ ಸಾಹೇಬರು ನಗಲಿಲ್ಲ. ಮೂವರನ್ನೂ ಕೆಲಸಕ್ಕೆ ಕಳಿಸಿ, ಬಾಗಿಲು ಹಾಕಿಸಿ, ಕುರ್ಚಿ ಎಳೆದುಕೊಂಡು ಕೂತರು.

"ಎಲ್ಲರೂ ಒಂದೇ ಥರ ಕಾಣ್ಬೇಕು ಅಂತಲ್ವಾ ಸಮವಸ್ತ್ರ ಅನ್ನೋದು?"

"ಒಂದೇ ಥರ ಕಾಣ್ಲಿ ಅಂತಾನೇ ಸಾರ್ ಒಂದೊಂದನ್ನ ಒಂದೊಂದು ಥರ ಮಾಡಿದ್ದು."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

"ನೋಡಿ, ನನ್ನ ಮುಂದೆ ಎರಡೇ ದಾರಿ. ಇದನ್ನೆಲ್ಲ ದೋಷದ ಮಾಲು ಅಂತ ಬರೆದು ಹರಿಸಿಬಿಟ್ರೆ, ನೀವು ಇಲ್ಲಿಗೆ ಬಂದೇ ಇಲ್ಲ, ನಾನು ಏನೂ ಕೇಳಿಲ್ಲ. ಮೇಲೆ ಹೋಗಿ ಆರಾಮಾಗಿ ಕೂತ್ಕೊಳ್ಳಿ. ಇಲ್ಲ, ಇವು ಉಳೀಬೇಕು ಅಂದ್ರೆ, ಅನುಮತಿ ಇಲ್ಲದೆ ನಾನೇ ಬದಲಾಯಿಸಿದೀನಿ ಅಂತ ಬರ್ಕೊಡ್ಬೇಕು. ಬರ್ಕೊಟ್ಟವರನ್ನ ದಾಖಲೆ ವಿಭಾಗದಲ್ಲಿ ಇಡೋ ಹಾಗಿಲ್ಲ. ಇಲ್ಲೇ ಇರ್ಬೇಕಾಗತ್ತೆ. ಮತ್ತೆ ಮೇಲಿನ ಮಾತು ಎತ್ತೋ ಹಾಗಿಲ್ಲ, ನಿವೃತ್ತಿಯ ತನಕ. ಒಂದು ಗಂಟೆ ಯೋಚ್ನೆ ಮಾಡಿ..."

"ಹಾಳೆ ಕೊಡಿ ಸಾರ್," ಎಂದಳು ಬಟ್ಟೆಯಕ್ಕ.

ಮಾತು ಅಷ್ಟು ಬೇಗ ಬಂದದ್ದು ಕಂಡು ಅವಳಿಗೇ ಆಶ್ಚರ್ಯ. ಯಾವ ನಷ್ಟಕ್ಕೆ ಇಷ್ಟು ದಿನ ಹೆದರಿದ್ದಳೋ ಅದು ಆಗಿಹೋಗಿತ್ತು. ಮೈಯಲ್ಲಿ ಎಲ್ಲೂ ನೋವಿರಲಿಲ್ಲ. ನಗು ಬರುತ್ತಿತ್ತು. ತುಟಿ ಕಚ್ಚಿ ತಡೆದುಕೊಂಡು, ಸಾಹೇಬರು ಹೇಳಿದ್ದನ್ನೆಲ್ಲ ಅಂದವಾದ ಅಕ್ಷರದಲ್ಲಿ ಬರೆದು ಸಹಿ ಹಾಕಿದಳು.

ಗೇಟಣ್ಣ ಕೆಮ್ಮಿದ. "ಹಾಗಾದ್ರೆ ನಾನು?"

"ನೀನು ಮೇಲೆ. ಆ ಕುರ್ಚಿ ಖಾಲಿ ಇದೆಯಲ್ಲ. ಲಿಫ್ಟಲ್ಲಿ ಹೋಗು," ಎಂದರು ಸಾಹೇಬರು.

"ಬರೆಯೋ ಕೆಲಸಾನಾ?" ಗೇಟಣ್ಣನ ಮುಖ ಬಾಡಿತು. ಸ್ವಲ್ಪ ಯೋಚಿಸಿ ಬಟ್ಟೆಯಕ್ಕನ ಕಡೆ ತಿರುಗಿದ. "ಅಕ್ಕಾ, ಅಲ್ಲಿಂದ ಗೇಟು ಕಾಣತ್ತಾ?"

"ಚೆನ್ನಾಗಿ ಕಾಣತ್ತೆ. ಬಂದವರು ಹೋದವರು ಎಲ್ಲ."

"ಹಾಗಿದ್ರೆ ಸರಿ," ಎಂದು ಅವನು ಮೊಣಕಾಲು ನೀವಿಕೊಂಡು ಎದ್ದ. ಹೋಗುವಾಗ ಸೀಳಿದ ಕೋಟಿನ ಎರಡೂ ಭಾಗಗಳನ್ನು ಜೋಡಿಸಿ, ಮಡಿಸಿ, ಮಿಷನ್ನಿನ ಮೇಲಿಟ್ಟು ಹೋದ.

ಬಟ್ಟೆಯಕ್ಕ ರಾಶಿಯಿಂದ ಕೋಟುಗಳನ್ನು ಒಂದೊಂದಾಗಿ ತೆಗೆದು, ಕೊರಳು ಮುಟ್ಟಿ ನೋಡಿ, ಕಪಾಟಿಗೆ ಸೇರಿಸತೊಡಗಿದಳು. ಸಾಹೇಬರು ನಲವತ್ತೇಳು ಹೆಸರುಗಳನ್ನು ಹೊಸ ಪಟ್ಟಿಯಲ್ಲಿ ಬರೆದುಕೊಂಡರು. ಬರೆದು ಮುಗಿದ ಮೇಲೂ ಹೋಗಲಿಲ್ಲ. ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದರು. ಪಕ್ಕದ ಲಾಂಡ್ರಿಯ ಗುಡುಗುಡು ಒಮ್ಮೆ ನಿಂತು ಮತ್ತೆ ಶುರುವಾಯಿತು.

"ಇದರಲ್ಲಿ ನನ್ನ ಹೆಸರಿಲ್ಲ," ಎಂದರು ಕೊನೆಗೆ.

"ನೀವು ನಮ್ಮ ಕೋಟು ಹಾಕೋದಿಲ್ವಲ್ಲ ಸಾರ್."

"ಹೌದು, ಇದು ನನ್ನ ಸ್ವಂತದ್ದು." ಅವರು ತಮ್ಮ ಕಂದು ಕೋಟಿನ ಅಂಚನ್ನು ಎಳೆದುಕೊಂಡರು. ಕಣ್ಣು ಪಟ್ಟಿಯ ಮೇಲೇ ಇತ್ತು. "ಕಂಕುಳ ಹತ್ರ ಸ್ವಲ್ಪ ಹಿಡಿಯತ್ತೆ. ಯಾವ ಕೋಟು ತಗೊಂಡ್ರೂ ಹಾಗೇ, ಚಿಕ್ಕಂದಿನಿಂದ. ನನ್ನ ಮೈಯೇ ಹಾಗೆ ಅಂತ ಬಿಟ್ಟಿದ್ದೆ."

ಬಟ್ಟೆಯಕ್ಕ ಕೈಯಲ್ಲಿದ್ದುದನ್ನು ಕೆಳಗಿಟ್ಟು ಕೌಂಟರು ಸುತ್ತಿ ಬಂದಳು. ಒಂದು ಹೆಜ್ಜೆ ದೂರ ನಿಂತು ಅವರನ್ನು ಒಮ್ಮೆ ನೋಡಿದಳು.

"ಎರಡೂ ಕೈ ಮೇಲೆತ್ತಿ ಸಾರ್."

ಸಾಹೇಬರು ಮುಚ್ಚಿದ ಬಾಗಿಲ ಕಡೆ ನೋಡಿದರು. ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಎರಡೂ ಕೈಗಳನ್ನು 'ನನಗೇನೂ ಗೊತ್ತಿಲ್ಲ' ಎನ್ನುವವರ ಹಾಗೆ ಭುಜದವರೆಗೆ ಎತ್ತಿ ನಿಂತರು.

"ಇನ್ನೂ ಸ್ವಲ್ಪ," ಎಂದಳು ಬಟ್ಟೆಯಕ್ಕ. "ಪೂರ್ತಿ ಎತ್ತಿ."